ವಯಸ್ಸಾದವರ ಊಟದ ಹೊತ್ತು: ಮನೆಯಲ್ಲೇ ಗಮನಿಸಿ ಸರಿಪಡಿಸುವ ಕ್ರಮ

ನನ್ನ ತಾಯಿಯವರಿಗೆ ಎಪ್ಪತ್ತಾರು ತುಂಬುವ ಹೊತ್ತಿಗೆ ಅವರ ಬೆಳಗಿನ ತಿಂಡಿ ಎಂಟೂವರೆಯಿಂದ ಹತ್ತೂವರೆಗೆ ಸರಿದಿತ್ತು. ಹಾಗೆ ಸರಿಯಲು ಸುಮಾರು ಒಂದು ವರ್ಷ ಹಿಡಿದಿದ್ದರಿಂದ ಮನೆಯಲ್ಲಿ ಯಾರಿಗೂ ಅದು ಬದಲಾವಣೆ ಎಂದು ಅನ್ನಿಸಿರಲಿಲ್ಲ. "ಯಾಕಮ್ಮ, ಇನ್ನೂ ತಿಂಡಿ ತಿಂದಿಲ್ವಾ?" ಎಂದರೆ "ಹಸಿವೇ ಇಲ್ಲ ಕಣೋ, ಆಮೇಲೆ ತಿಂತೀನಿ ಬಿಡು" ಎನ್ನುತ್ತಿದ್ದರು. ಒಂದು ದಿನ ಪಕ್ಕದಲ್ಲೇ ಕುಳಿತು ನೋಡಿದಾಗ, ಅವರು ಚಪಾತಿಯನ್ನು ಸಣ್ಣ ಸಣ್ಣ ಚೂರು ಮಾಡಿ ಕಾಫಿಯಲ್ಲಿ ನೆನೆಸಿ, ಬಾಯಿಯ ಎಡಬದಿಯಲ್ಲಿ ಮಾತ್ರ ಅಗಿಯುತ್ತಿರುವುದು ಕಂಡಿತು. ಕೆಳಗಿನ ಹಲ್ಲಿನ ಸೆಟ್ಟು ಸಡಿಲಾಗಿ ಬಲಬದಿಯ ವಸಡು ಹುಣ್ಣಾಗಿತ್ತು. ತಿನ್ನುವುದೇ ನೋವಿನ ಕೆಲಸವಾಗಿದ್ದರಿಂದ ಅದನ್ನು ಅವರು ದಿನದಿಂದ ದಿನಕ್ಕೆ ಮುಂದೂಡುತ್ತ ಬಂದಿದ್ದರು. ನಾವು ಅದನ್ನು ವಯಸ್ಸಿನ ಲಕ್ಷಣವೆಂದು ಸುಮ್ಮನಾಗಿದ್ದೆವು.

ಹಿರಿಯರ ಆಹಾರದ ಬಗ್ಗೆ ಮಾತನಾಡುವಾಗ ಉಪ್ಪು, ಸಕ್ಕರೆ, ಎಣ್ಣೆಗಳ ವಿಚಾರ ತಪ್ಪದೆ ಬರುತ್ತದೆ. ಯಾವ ಹೊತ್ತಿಗೆ ತಿನ್ನುತ್ತಿದ್ದಾರೆ, ಆ ಹೊತ್ತು ಬದಲಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವು 1980ರ ದಶಕದಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನವೊಂದರ ಮಾಹಿತಿಯನ್ನು ಆಧರಿಸಿ, 42ರಿಂದ 94 ವರ್ಷ ವಯಸ್ಸಿನ 2,945 ಜನರ ಊಟದ ಹೊತ್ತನ್ನು ಅಮೆರಿಕದ ಮತ್ತು ಬ್ರಿಟನ್ನಿನ ಸಂಶೋಧಕರು ಪರಿಶೀಲಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ವಯಸ್ಸು ಹತ್ತು ವರ್ಷ ಹೆಚ್ಚಾದಂತೆ ಬೆಳಗಿನ ತಿಂಡಿ ಸರಾಸರಿ 8 ನಿಮಿಷ, ರಾತ್ರಿಯ ಊಟ 4 ನಿಮಿಷ ತಡವಾಗುತ್ತ ಹೋಗುವುದು ಅದರಲ್ಲಿ ಕಂಡುಬಂತು. ತಿಂಡಿ ತಡವಾಗಿದ್ದವರಲ್ಲಿ ಖಿನ್ನತೆ, ಆಯಾಸ, ಬಾಯಿ ಮತ್ತು ಹಲ್ಲಿನ ತೊಂದರೆಗಳು ಹೆಚ್ಚಾಗಿದ್ದವು. ಅಧ್ಯಯನದ ಅವಧಿಯಲ್ಲಿ ಸಾವಿನ ಪ್ರಮಾಣವೂ ತುಸು ಹೆಚ್ಚಿತ್ತು. ತಡವಾಗಿ ತಿಂದದ್ದರಿಂದಲೇ ಕಾಯಿಲೆ ಬಂತು ಎಂದು ಇದರಿಂದ ಹೇಳಲಾಗದು, ಕಾಯಿಲೆಯಿಂದಾಗಿಯೇ ತಿಂಡಿ ತಡವಾಗಿರಬಹುದು. ಮನೆಯವರಿಗೆ ಎರಡು ರೀತಿಯಲ್ಲೂ ಇದು ಉಪಯೋಗದ ಮಾತು. ತಿಂಡಿಯ ಹೊತ್ತು ಸರಿಯುವುದು ದೇಹ ಕೊಡುವ ಮುನ್ಸೂಚನೆಯಾಗಿರಬಹುದು, ಮತ್ತು ಅದನ್ನು ತಿಳಿಯಲು ಗಡಿಯಾರವೊಂದೇ ಸಾಕು.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಯಾವುದನ್ನೂ ಬದಲಾಯಿಸುವ ಮೊದಲು ಏಳು ದಿನ ಬರೆದಿಡಿ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ದಿನಾಂಕದ ಚೌಕವೇ ಇದಕ್ಕೆ ಸಾಕು. ಎದ್ದ ಹೊತ್ತು, ಮೊದಲ ಕಾಫಿ ಅಥವಾ ಟೀ ಕುಡಿದ ಹೊತ್ತು, ತಿಂಡಿಯ ಹೊತ್ತು, ಮಧ್ಯಾಹ್ನದ ಊಟ, ರಾತ್ರಿಯ ಊಟ, ಮಲಗಿದ ಹೊತ್ತು, ಹೀಗೆ ದಿನಕ್ಕೆ ಆರು ಸಂಖ್ಯೆಗಳು. ನಡುವೆ ತಿಂದ ಬಿಸ್ಕತ್ತು, ರಸ್ಕು, ಚಕ್ಕುಲಿಗಳಿಗೆ ಒಂದೊಂದು ಚುಕ್ಕೆ ಇಡಿ. ಹಿರಿಯರಿಗೆ ಬರೆಯಲು ಆಗುವುದಾದರೆ ಅವರೇ ಬರೆಯಲಿ, ತಮ್ಮ ಮೇಲೆ ಕಾವಲಿಟ್ಟಿದ್ದಾರೆ ಎಂಬ ಭಾವನೆ ಆಗ ಬರುವುದಿಲ್ಲ. ದೂರದ ಊರಿನಲ್ಲಿರುವ ಮಕ್ಕಳು ದಿನವೂ ಫೋನು ಮಾಡುವಾಗ "ಊಟ ಆಯ್ತಾ?" ಎಂದು ಕೇಳುವ ಬದಲು "ಇವತ್ತು ಎಷ್ಟು ಹೊತ್ತಿಗೆ ತಿಂದಿರಿ?" ಎಂದು ಕೇಳಿ ತಾವೇ ಗುರುತು ಹಾಕಿಕೊಳ್ಳಬಹುದು. ಮೊದಲನೆಯ ಪ್ರಶ್ನೆಗೆ "ಆಯ್ತಪ್ಪ" ಎಂಬ ಒಂದೇ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ನಿಜವಾದ ಉತ್ತರ ಬರುತ್ತದೆ.

ವಾರದ ಕೊನೆಗೆ ಮುಖ್ಯವಾಗಿ ಎರಡು ಅಂತರಗಳನ್ನು ಲೆಕ್ಕ ಹಾಕಿ. ಎದ್ದ ಮೇಲೆ ತಿಂಡಿಯವರೆಗೆ ಎಷ್ಟು ಗಂಟೆ? ರಾತ್ರಿ ಊಟದಿಂದ ಮಲಗುವವರೆಗೆ ಎಷ್ಟು ಗಂಟೆ? ಬೆಳಗಿನ ಜಾವ ನಾಲ್ಕೂವರೆಗೆ ಏಳುವ ಹಿರಿಯರು ಒಂಬತ್ತಕ್ಕೆ ತಿಂಡಿ ತಿಂದರೆ ನಮಗೆ ಅದು ಸಹಜವಾದ ಹೊತ್ತೆನಿಸುತ್ತದೆ, ಆದರೆ ಅವರ ಪಾಲಿಗೆ ಅದು ನಾಲ್ಕೂವರೆ ಗಂಟೆಯ ಕಾಯುವಿಕೆ. ಹಿಂದಿನ ರಾತ್ರಿ ಏಳಕ್ಕೆ ಉಂಡಿದ್ದರೆ ಹೊಟ್ಟೆಗೆ ಗಟ್ಟಿ ಆಹಾರ ಬಿದ್ದು ಹದಿನಾಲ್ಕು ಗಂಟೆಗಳಾಗಿರುತ್ತವೆ. ಆದ್ದರಿಂದ ಮನೆಮಂದಿಯ ತಿಂಡಿಯ ಹೊತ್ತನ್ನು ಅಳತೆಗೋಲಾಗಿ ಇಟ್ಟುಕೊಳ್ಳದೆ, ಹಿರಿಯರು ಎದ್ದ ಹೊತ್ತಿನಿಂದಲೇ ಎಣಿಸಬೇಕು.

ಎರಡನೆಯ ಹೆಜ್ಜೆ: ತಡವಾಗುತ್ತಿರುವುದೇಕೆಂದು ಹುಡುಕಿ

ಇಡೀ ಕ್ರಮದಲ್ಲಿ ಹೆಚ್ಚು ತಾಳ್ಮೆ ಬೇಡುವ ಭಾಗವಿದು. ಕಾರಣ ತಿಳಿಯದೆ ಹೊತ್ತು ಮಾತ್ರ ಬದಲಾಯಿಸಲು ಹೊರಟರೆ ಊಟದ ವಿಷಯಕ್ಕೆ ದಿನವೂ ಜಗಳವಾಗುತ್ತದೆ.

ಮೊದಲು ಬಾಯಿಯನ್ನು ನೋಡಿ. ಒಳ್ಳೆಯ ಬೆಳಕಿನಲ್ಲಿ ವಸಡು, ನಾಲಿಗೆ, ಕೆನ್ನೆಯ ಒಳಬದಿಯನ್ನು ಪರೀಕ್ಷಿಸಿ. ಹಲ್ಲಿನ ಸೆಟ್ಟನ್ನು ಊಟಕ್ಕೆ ಮೊದಲು ತೆಗೆದಿಡುತ್ತಿದ್ದರೆ ಅದು ಹೊಂದುತ್ತಿಲ್ಲವೆಂದೇ ತಿಳಿಯಬೇಕು. ಒಂದೇ ಬದಿಯಲ್ಲಿ ಅಗಿಯುವುದು, ಎಲ್ಲವನ್ನೂ ನೆನೆಸಿ ತಿನ್ನುವುದು, ಸೊಪ್ಪು ಮತ್ತು ಕಾಳುಗಳನ್ನು ತಟ್ಟೆಯ ಅಂಚಿಗೆ ಸರಿಸುವುದು ಕೂಡ ಅದೇ ಗುರುತುಗಳು. ನಮ್ಮ ತಾಯಿಯವರಿಗೆ ದಂತವೈದ್ಯರು ಸೆಟ್ಟಿನ ಒಂದು ಅಂಚನ್ನು ಉಜ್ಜಿ ಸರಿಪಡಿಸಿಕೊಟ್ಟ ಹದಿನೈದು ದಿನಗಳಲ್ಲಿ ತಿಂಡಿ ತಾನಾಗಿಯೇ ಒಂಬತ್ತಕ್ಕೆ ಬಂತು.

ಆಮೇಲೆ ನಿದ್ದೆಯನ್ನು ವಿಚಾರಿಸಿ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವವರು ಬೆಳಗ್ಗೆ ದಣಿದಿರುತ್ತಾರೆ, ದಣಿದವರಿಗೆ ಅಡುಗೆಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಕಾಫಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಐದಕ್ಕೆ ಒಂದು ಲೋಟ, ಆರೂವರೆಗೆ ಇನ್ನೊಂದು, ಜೊತೆಗೆ ಎರಡು ಬಿಸ್ಕತ್ತು ಎಂದಾದರೆ ಹಾಲು ಸಕ್ಕರೆಗಳೇ ಹಸಿವನ್ನು ಮುಚ್ಚಿಬಿಡುತ್ತವೆ. ಪೌಷ್ಟಿಕಾಂಶ ಮಾತ್ರ ಅಷ್ಟಕ್ಕಷ್ಟೇ. ಮಲಬದ್ಧತೆಯಿಂದ ಹೊಟ್ಟೆ ಭಾರವಾಗಿರುವುದು ಮತ್ತೊಂದು ಸಾಮಾನ್ಯ ಕಾರಣ. ನಾಚಿಕೆಯಿಂದ ಬಹಳ ಜನ ಅದನ್ನು ತಾವಾಗಿ ಹೇಳುವುದಿಲ್ಲ.

ಕೊನೆಯದಾಗಿ ಮನಸ್ಸಿನ ಸ್ಥಿತಿ. ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ ಮೇಲೆ ಊಟದ ಹೊತ್ತು ಕೆಡುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ನಲವತ್ತೈವತ್ತು ವರ್ಷ ಇಬ್ಬರಿಗಾಗಿ ಒಲೆ ಹಚ್ಚಿದವರಿಗೆ ತಮ್ಮೊಬ್ಬರಿಗಾಗಿ ಹಚ್ಚಲು ಕೈ ಬರುವುದಿಲ್ಲ. ತಿಂಡಿ ತಡವಾಗುವುದರ ಜೊತೆಗೆ ಮೊದಲು ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದ್ದರೆ, ಸ್ನಾನ ಮತ್ತು ಬಟ್ಟೆಯ ಬಗ್ಗೆ ಅಲಕ್ಷ್ಯ ಕಂಡರೆ, ಎರಡು ವಾರ ಮೀರಿಯೂ ಹಾಗೆಯೇ ಇದ್ದರೆ, ವೈದ್ಯರೊಂದಿಗೆ ಮಾತನಾಡಿ. ಇಳಿವಯಸ್ಸಿನ ಖಿನ್ನತೆಗೆ ಚಿಕಿತ್ಸೆಯಿದೆ, ಅದು ಫಲವನ್ನೂ ಕೊಡುತ್ತದೆ.

ಮೂರನೆಯ ಹೆಜ್ಜೆ: ಬೆಳಗಿನ ತಿಂಡಿಯನ್ನು ಹಿಂದಕ್ಕೆ ತನ್ನಿ

ನಮ್ಮ ಮಿದುಳಿನಲ್ಲಿರುವ ಮುಖ್ಯ ಗಡಿಯಾರವನ್ನು ಬೆಳಕು ನಡೆಸಿದರೆ, ಯಕೃತ್ತು, ಮೇದೋಜೀರಕ ಗ್ರಂಥಿ ಮುಂತಾದ ಅಂಗಗಳ ಗಡಿಯಾರಗಳನ್ನು ಬಹುಮಟ್ಟಿಗೆ ಊಟದ ಹೊತ್ತು ನಡೆಸುತ್ತದೆ. ಜೀವಕೋಶಗಳೊಳಗೆ ಈ ದೈನಿಕ ಲಯ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಿಕೊಟ್ಟಿದ್ದಕ್ಕಾಗಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ದೊರೆಯಿತು. ವಯಸ್ಸಾದಂತೆ ಮುಖ್ಯ ಗಡಿಯಾರದ ಸೂಚನೆ ದುರ್ಬಲವಾಗುತ್ತದೆ. ಕಣ್ಣಿನ ಪೊರೆಯಿಂದ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ, ಮನೆಯಿಂದ ಹೊರಗೆ ಕಾಲಿಡುವುದೂ ಅಪರೂಪವಾಗುತ್ತದೆ. ಹಾಗಿರುವಾಗ ದಿನವೂ ಒಂದೇ ಹೊತ್ತಿಗೆ ಬರುವ ತಿಂಡಿ, ಊಟಗಳು ದೇಹಕ್ಕೆ ಹಗಲು ರಾತ್ರಿಯ ಗುರುತನ್ನು ನೆನಪಿಸುವ ಕೆಲಸ ಮಾಡುತ್ತವೆ.

ಎದ್ದ ಒಂದರಿಂದ ಎರಡು ಗಂಟೆಯೊಳಗೆ ತಿಂಡಿ ಎಂಬುದು ಹೆಚ್ಚಿನವರಿಗೆ ಹೊಂದುವ ಗುರಿ. ಹತ್ತೂವರೆಯ ತಿಂಡಿಯನ್ನು ನಾಳೆಯಿಂದಲೇ ಎಂಟಕ್ಕೆ ತರಲು ಹೋಗಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ಸರಿಸುತ್ತ ಬಂದರೆ ಸುಮಾರು ಒಂದು ತಿಂಗಳಲ್ಲಿ ಗುರಿ ಮುಟ್ಟಬಹುದು. ಎದ್ದ ಕೂಡಲೇ ಒಂದು ಲೋಟ ನೀರು, ಆಮೇಲೆ ಜಗುಲಿಯಲ್ಲೋ ತಾರಸಿಯಲ್ಲೋ ಇಪ್ಪತ್ತು ನಿಮಿಷ ಬೆಳಗಿನ ಬೆಳಕು, ಅನಂತರ ಒಂದೇ ಒಂದು ಕಾಫಿ, ಅದೂ ಅರ್ಧ ಲೋಟ. ಎರಡನೆಯ ಕಾಫಿಯನ್ನು ತಿಂಡಿ ಮುಗಿದ ಮೇಲಕ್ಕೆ ಸರಿಸಿ. ಕಾಫಿಯನ್ನು ಪೂರ್ತಿ ಕಸಿದುಕೊಳ್ಳುವ ಅಗತ್ಯವಿಲ್ಲ. ಇಳಿವಯಸ್ಸಿನಲ್ಲಿ ಉಳಿದಿರುವ ಸಂತೋಷಗಳಲ್ಲಿ ಅದೂ ಒಂದು.

ಅಷ್ಟು ಬೇಗ ಪೂರ್ತಿ ತಿಂಡಿ ಸೇರದವರಿಗೆ ಅದನ್ನು ಎರಡಾಗಿ ಒಡೆಯಿರಿ. ಏಳಕ್ಕೆ ಹಾಲು ಹಾಕಿದ ರಾಗಿ ಗಂಜಿ ಅಥವಾ ಒಂದು ಮೊಟ್ಟೆ, ಒಂಬತ್ತಕ್ಕೆ ಉಳಿದ ತಿಂಡಿ. ನಮ್ಮ ಮನೆಯಲ್ಲಿ ಮೊದಲ ಎರಡು ವಾರ ಹೀಗೆಯೇ ನಡೆಯಿತು.

ನಾಲ್ಕನೆಯ ಹೆಜ್ಜೆ: ಪ್ರತಿ ಹೊತ್ತಿಗೂ ಪ್ರೋಟೀನ್ ಇರಲಿ

ಹೊತ್ತು ಸರಿಹೋದರೂ ತಟ್ಟೆಯಲ್ಲಿ ಅನ್ನ ಮತ್ತು ತಿಳಿಸಾರು ಮಾತ್ರವಿದ್ದರೆ ಪ್ರಯೋಜನ ಅರ್ಧ. ವಯಸ್ಸಾದಂತೆ ಸ್ನಾಯುಗಳು ಕರಗುತ್ತವೆ, ಮತ್ತು ತಿಂದ ಪ್ರೋಟೀನನ್ನು ಸ್ನಾಯುವಾಗಿ ಕಟ್ಟಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಹೇಳಿದರೆ, ಇಳಿವಯಸ್ಸಿನವರಿಗೆ 1ರಿಂದ 1.2 ಗ್ರಾಂ ಬೇಕೆಂಬುದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ನೀಡಿದ ಸಲಹೆ. 60 ಕಿಲೋ ತೂಕದವರಿಗೆ ಅದು 60ರಿಂದ 72 ಗ್ರಾಂ ಆಗುತ್ತದೆ, ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 20 ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ನಮ್ಮಲ್ಲಿ ಪ್ರೋಟೀನ್ ಏನಾದರೂ ಇದ್ದರೆ ಅದು ಮಧ್ಯಾಹ್ನದ ಸಾಂಬಾರಿನಲ್ಲಿ, ಹುಳಿಯಲ್ಲಿ, ಉಪ್ಸಾರಿನ ಕಾಳಿನಲ್ಲಿ. ಬೆಳಗಿನ ಹೊತ್ತು ಬಹುಪಾಲು ಬರಿದು. ಎರಡು ಇಡ್ಲಿ ಮತ್ತು ಕಾಯಿಚಟ್ನಿಯಲ್ಲಿ ಸಿಗುವುದು ಸುಮಾರು 5 ಗ್ರಾಂ, ಅವಲಕ್ಕಿ ಉಪ್ಪಿಟ್ಟುಗಳ ಕಥೆಯೂ ಹಾಗೆಯೇ. ತಿಂಡಿಯನ್ನೇ ಬದಲಾಯಿಸುವುದಕ್ಕಿಂತ ಅದಕ್ಕೆ ಸೇರಿಸುವುದು ಸುಲಭ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ, 50 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ಹಿಟ್ಟಿನ ದೋಸೆಯಲ್ಲಿ ಸುಮಾರು 12 ಗ್ರಾಂ. ಹೆಸರುಬೇಳೆ ದೋಸೆ, ಒಂದು ಬಟ್ಟಲು ಗಟ್ಟಿ ಮೊಸರು, ಮೇಲೊಂದು ಲೋಟ ಹಾಲು ಎಂದಾದರೆ ಬೆಳಗಿನ ಲೆಕ್ಕ ಮುಗಿಯಿತು. ಹಲ್ಲಿಲ್ಲದವರಿಗೆ ಹುರಿಗಡಲೆ ಪುಡಿ ಅಥವಾ ಕಡಲೆಕಾಯಿ ಪುಡಿಯನ್ನು ಗಂಜಿಗೆ ಕಲಸಿ ಕೊಡಬಹುದು. ಹುರುಳಿಯನ್ನು ಮೊಳಕೆ ಕಟ್ಟಿ ಬೇಯಿಸಿ, ಕಟ್ಟಿನ ಜೊತೆಗೆ ಕಾಳನ್ನೂ ನುಣ್ಣಗೆ ಅರೆದು ಸಾರು ಮಾಡಿ. ಕಾಳನ್ನು ಬೇರೆಯವರ ತಟ್ಟೆಗೆ ಬಿಟ್ಟು ಹಿರಿಯರಿಗೆ ಕಟ್ಟನ್ನು ಮಾತ್ರ ಬಡಿಸುವುದು ಅಕ್ಕರೆಯಿಂದ ಆಗುವ ತಪ್ಪು.

ಮಧ್ಯಾಹ್ನದ ಊಟ ತಿಂಡಿಯಾದ ನಾಲ್ಕೈದು ಗಂಟೆಗೆ, ಅಂದರೆ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಇದ್ದರೆ ಒಳ್ಳೆಯದು. ಒಂದು ಎಚ್ಚರಿಕೆ: ಕೆಲವು ಹಿರಿಯರಿಗೆ ಊಟವಾದ ಒಂದೆರಡು ಗಂಟೆಯೊಳಗೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಕೈ ತೊಳೆಯಲು ಏಳುವಾಗಲೇ ಬೀಳುವವರೂ ಇದ್ದಾರೆ. ಅಂಥವರಿಗೆ ಒಂದೇ ಸಲ ಹೊಟ್ಟೆ ತುಂಬ ಅನ್ನ ಬಡಿಸದೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ, ಊಟಕ್ಕೆ ಮೊದಲು ನೀರು ಕುಡಿಸಿ, ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತೇ ಇರಲು ಹೇಳಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ. ಎರಡು ಗಂಟೆ ಮಲಗಿದವರಿಗೆ ಸಂಜೆಯ ಹಸಿವೂ ರಾತ್ರಿಯ ನಿದ್ದೆಯೂ ಎರಡೂ ಮುಂದಕ್ಕೆ ಹೋಗುತ್ತವೆ.

ಐದನೆಯ ಹೆಜ್ಜೆ: ರಾತ್ರಿಯ ಊಟವನ್ನು ಮನೆಯವರ ಹೊತ್ತಿನಿಂದ ಬಿಡಿಸಿ

ನಗರದ ಮನೆಗಳಲ್ಲಿ ಮಗ ಸೊಸೆ ಕಚೇರಿಯಿಂದ ಬರುವುದು ಎಂಟೂವರೆಗೆ, ಮೊಮ್ಮಕ್ಕಳ ಟ್ಯೂಷನ್ ಮುಗಿಯುವುದು ಒಂಬತ್ತಕ್ಕೆ. "ಎಲ್ಲರೂ ಬರಲಿ, ಒಟ್ಟಿಗೆ ಉಣ್ಣೋಣ" ಎಂದು ಹಿರಿಯರು ಕಾಯುತ್ತಾರೆ. ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುತ್ತಾರೆ. ಕತ್ತಲಾದ ಮೇಲೆ ಮಲಗುವ ಹೊತ್ತು ಸಮೀಪಿಸಿದಂತೆ ಮೆಲಟೋನಿನ್ ಎಂಬ ಹಾರ್ಮೋನು ಏರತೊಡಗುತ್ತದೆ, ಆ ಹೊತ್ತಿನಲ್ಲಿ ಇನ್ಸುಲಿನ್ನಿನ ಕೆಲಸ ಮಂದವಾಗಿರುವುದರಿಂದ ಅದೇ ಅನ್ನ ಬೆಳಗಿಗಿಂತ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಉಂಡ ಕೂಡಲೇ ಮಲಗಿದರೆ ಹುಳಿತೇಗು, ಎದೆಯುರಿ, ಒಣಕೆಮ್ಮು ಬೇರೆ.

ಮಲಗುವ ಎರಡೂವರೆಯಿಂದ ಮೂರು ಗಂಟೆ ಮೊದಲು, ಅಂದರೆ ಏಳರಿಂದ ಏಳೂವರೆಗೆ, ಹಿರಿಯರ ಊಟ ಮುಗಿಯಲಿ. ಇದಕ್ಕೆ ಮಧ್ಯಾಹ್ನವೇ ತೆಗೆದಿಟ್ಟ ಪಲ್ಯ, ಸಾರು ಮತ್ತು ಬಿಸಿಯಾಗಿ ಮಾಡಿದ ಎರಡು ಮೆತ್ತನೆಯ ರೊಟ್ಟಿ ಅಥವಾ ಸಣ್ಣ ಮುದ್ದೆ ಸಾಕು. ಜೊತೆಗೂಡಿ ಉಣ್ಣುವ ಸುಖ ತಪ್ಪಬಾರದೆಂದಾದರೆ ಮನೆಯಲ್ಲಿ ಯಾರಾದರೂ ಒಬ್ಬರು, ಮೊಮ್ಮಗಳಾದರೂ ಸರಿ, ಅವರ ಜೊತೆ ಏಳಕ್ಕೆ ಕೂರುವ ಪಾಳಿ ಮಾಡಿಕೊಳ್ಳಿ. ಉಳಿದವರು ಒಂಬತ್ತಕ್ಕೆ ಉಣ್ಣುವಾಗ ಹಿರಿಯರು ಅರ್ಧ ಲೋಟ ಬೆಚ್ಚನೆಯ ಹಾಲು ಹಿಡಿದು ಪಂಕ್ತಿಯಲ್ಲಿ ಕುಳಿತಿರಲಿ. ಒಬ್ಬರೇ ಗೋಡೆ ನೋಡಿಕೊಂಡು ಏಳಕ್ಕೆ ಉಣ್ಣುವುದಕ್ಕಿಂತ ಎಲ್ಲರ ಜೊತೆ ಎಂಟಕ್ಕೆ ಉಣ್ಣುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಒಂಟಿಯಾಗಿ ಕೂತವರು ಉಣ್ಣುವುದೇ ಕಡಿಮೆ.

ನೀರಿನ ಬಹುಪಾಲನ್ನು ಸಂಜೆ ಆರರೊಳಗೆ ಕುಡಿದು ಮುಗಿಸಿದರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ ಹಗಲಿನಲ್ಲಿ ನೆನಪಿಸಿ ಕುಡಿಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೇ ಅಂತಿಮ.

ಆರನೆಯ ಹೆಜ್ಜೆ: ಮಾತ್ರೆಗಳನ್ನು ಹೊಸ ಹೊತ್ತಿಗೆ ಹೊಂದಿಸಿ

ಊಟದ ಹೊತ್ತು ಬದಲಾದರೆ ಮಾತ್ರೆಯ ಹೊತ್ತೂ ಬದಲಾಗುತ್ತದೆ. ಇದನ್ನು ಮರೆತರೆ ಒಳ್ಳೆಯದು ಮಾಡಲು ಹೋಗಿ ಕೆಡುಕಾದೀತು. ಬದಲಾವಣೆ ಆರಂಭಿಸುವ ಮೊದಲು ಮಾತ್ರೆ ಡಬ್ಬಿಯನ್ನು ವೈದ್ಯರ ಮುಂದಿಟ್ಟು ಒಂದೊಂದರ ಬಗ್ಗೆಯೂ ಕೇಳಿ ಬರೆದುಕೊಳ್ಳಿ.

ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ತಿಂಡಿ ಮತ್ತು ಕಾಫಿಗೆ ಮೊದಲು ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ಅದರಿಂದ ನಾಲ್ಕು ಗಂಟೆ ಅಂತರವಿರಬೇಕು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ತುಂಬು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ, ಬೇರೇನೂ ತಿನ್ನದೆ ಇರಬೇಕು. ಮೆಟ್‌ಫಾರ್ಮಿನ್ ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆಯ ತೊಂದರೆ ಕಡಿಮೆ.

ಹೆಚ್ಚು ಜಾಗ್ರತೆ ಬೇಕಾದದ್ದು ಗ್ಲಿಮಿಪಿರೈಡ್ ಮತ್ತು ಗ್ಲೈಕ್ಲಜೈಡ್‌ನಂತಹ ಶುಗರ್ ಮಾತ್ರೆಗಳಿಗೆ ಮತ್ತು ಇನ್ಸುಲಿನ್ನಿಗೆ. ಇವನ್ನು ತೆಗೆದುಕೊಂಡು ತಿಂಡಿ ತಪ್ಪಿಸಿದರೆ ಅಥವಾ ತಡಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಿರಿಯರಲ್ಲಿ ಬೆವರು, ನಡುಕ ಕಾಣದೆಯೂ ಇರಬಹುದು. ಮಾತು ತೊದಲುವುದು, ಗಲಿಬಿಲಿ, ಕಾರಣವಿಲ್ಲದ ಸಿಟ್ಟು ಮಾತ್ರ ಕಾಣಬಹುದು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಟ್ಟು, ಏರಿದ ಮೇಲೆ ಊಟ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಏಳನೆಯ ಹೆಜ್ಜೆ: ಉಪವಾಸದ ದಿನಗಳು

"ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಎಂಬ ಗಾದೆಯನ್ನು ಹಿರಿಯರೇ ನಮಗೆ ಹೇಳಿಕೊಟ್ಟಿದ್ದಾರೆ. ದುಡಿಯುವ ವಯಸ್ಸಿನವರಿಗೆ ಅದರಲ್ಲಿ ಮಿತಿಯ ಪಾಠವಿರಬಹುದು. ಎಪ್ಪತ್ತು ದಾಟಿ ಸ್ನಾಯು ಕರಗುತ್ತಿರುವ ದೇಹಕ್ಕೆ ಒಪ್ಪೊತ್ತಿನ ಊಟದಲ್ಲಿ ದಿನದ ಅಗತ್ಯವನ್ನೆಲ್ಲ ತುಂಬುವುದು ಕಷ್ಟ. ಈಗ ಪ್ರಚಾರದಲ್ಲಿರುವ ಹದಿನಾರು ಗಂಟೆಯ ಉಪವಾಸಕ್ಕೂ ಇದೇ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ 116 ಜನರ ಮೇಲೆ ಹನ್ನೆರಡು ವಾರ ನಡೆದು 2020ರಲ್ಲಿ ಫಲಿತಾಂಶ ಪ್ರಕಟವಾದ ಪ್ರಯೋಗದಲ್ಲಿ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ತಿಂದವರು ಮೂರು ಹೊತ್ತು ತಿಂದವರಿಗಿಂತ ಗಮನಾರ್ಹವಾಗಿ ಹೆಚ್ಚು ತೂಕವನ್ನೇನೂ ಇಳಿಸಲಿಲ್ಲ. ಇಳಿದ ತೂಕದಲ್ಲಿ ಸ್ನಾಯುಭಾಗವೇ ಗಣನೀಯವಾಗಿತ್ತು. ಅವರೆಲ್ಲ 65ಕ್ಕಿಂತ ಚಿಕ್ಕವರು. ಸಂಜೆ ಏಳೂವರೆಗೆ ಉಂಡು ಬೆಳಗ್ಗೆ ಏಳೂವರೆಗೆ ತಿಂದರೆ ಹನ್ನೆರಡು ಗಂಟೆಯ ಬಿಡುವು ಸಹಜವಾಗಿಯೇ ಸಿಗುತ್ತದೆ, ಹೆಚ್ಚಿನ ಹಿರಿಯರಿಗೆ ಅಷ್ಟು ಸಾಕು.

ವ್ರತಗಳ ಮಾತು ಬೇರೆ, ಅವಕ್ಕೆ ಮನಸ್ಸಿನ ನೆಮ್ಮದಿಯ ಬೆಲೆಯಿದೆ. ಏಕಾದಶಿ ಮಾಡುವವರು ನಿರಾಹಾರದ ಬದಲು ಹಾಲು, ಹಣ್ಣು, ಕಡಲೆಕಾಯಿಬೀಜಗಳನ್ನು ಎಂದಿನ ತಿಂಡಿ ಊಟದ ಹೊತ್ತಿಗೇ ಹಂಚಿ ತೆಗೆದುಕೊಳ್ಳಬಹುದು. ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಜೈನ ಮನೆಗಳ ಹಿರಿಯರಿಗೆ ರಾತ್ರಿಯ ಹೊತ್ತು ಆಗಲೇ ಸರಿಯಿದೆ, ಶುಗರ್ ಮಾತ್ರೆಯಿದ್ದರೆ ಬೆಳಗಿನ ಅಂತರವನ್ನು ಮಾತ್ರ ವೈದ್ಯರಿಗೆ ತಿಳಿಸಬೇಕು. ರಂಜಾನಿನಲ್ಲಿ ರೋಜಾ ಹಿಡಿಯುವವರು ತಿಂಗಳು ಆರಂಭವಾಗುವ ಕೆಲವು ವಾರ ಮೊದಲೇ ಮಾತ್ರೆಗಳ ಬಗ್ಗೆ ಕೇಳಿಕೊಳ್ಳಲಿ. ಕಾಯಿಲೆ ಇರುವವರಿಗೆ ಧರ್ಮದಲ್ಲಿಯೇ ವಿನಾಯಿತಿ ಇದೆ.

ಎಂಟನೆಯ ಹೆಜ್ಜೆ: ತಿಂಗಳಿಗೊಮ್ಮೆ ತೂಕ, ಮತ್ತೆ ಒಂದು ವಾರದ ಬರಹ

ತಿಂಗಳ ಮೊದಲ ದಿನ ಬೆಳಗ್ಗೆ, ತಿಂಡಿಗೆ ಮೊದಲು, ತೂಕ ನೋಡಿ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಆರರಿಂದ ಹನ್ನೆರಡು ತಿಂಗಳಲ್ಲಿ ಪ್ರಯತ್ನಿಸದೆಯೇ ತೂಕದ ಶೇಕಡಾ 5ರಷ್ಟು, ಅಂದರೆ 60 ಕಿಲೋ ಇದ್ದವರು 3 ಕಿಲೋ ಇಳಿದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ನುಂಗುವಾಗ ಕೆಮ್ಮು ಬರುವುದು, ಗಂಟಲಿನಲ್ಲಿ ಅನ್ನ ಸಿಕ್ಕಿಕೊಂಡಂತಾಗುವುದು, ಹಸಿವು ಇದ್ದಕ್ಕಿದ್ದಂತೆ ನಿಂತುಹೋಗುವುದು ಕಂಡರೆ ತಿಂಗಳ ತೂಕಕ್ಕಾಗಿ ಕಾಯಬೇಡಿ.

ಮೂರು ತಿಂಗಳಿಗೊಮ್ಮೆ ಮತ್ತೆ ಏಳು ದಿನ ಹೊತ್ತುಗಳನ್ನು ಬರೆದು ಹಿಂದಿನ ಹಾಳೆಯ ಪಕ್ಕ ಇಟ್ಟು ನೋಡಿ. ತಿಂಡಿ ಪುನಃ ಅರ್ಧ ಗಂಟೆಗಿಂತ ಹೆಚ್ಚು ಮುಂದಕ್ಕೆ ಹೋಗಿದ್ದರೆ ಎರಡನೆಯ ಹೆಜ್ಜೆಗೆ ಹಿಂದಿರುಗಿ, ಬಾಯಿಯಿಂದಲೇ ಆರಂಭಿಸಿ. ಕಳೆದ ದೀಪಾವಳಿಯ ನಂತರ ನಮ್ಮ ತಾಯಿಯವರ ತಿಂಡಿ ಒಂಬತ್ತರಿಂದ ಒಂಬತ್ತು ಮುಕ್ಕಾಲಿಗೆ ಸರಿದದ್ದು ಕ್ಯಾಲೆಂಡರಿನಲ್ಲಿ ಕಂಡಿತು. ಈ ಸಲ ಹಲ್ಲು ಸರಿಯಿತ್ತು. ವಿಚಾರಿಸಿದಾಗ, ಚಳಿಗೆ ಮೊಣಕಾಲು ಹಿಡಿದುಕೊಂಡು ಹಾಸಿಗೆಯಿಂದ ಏಳಲು ತಡವಾಗುತ್ತಿತ್ತು ಎಂದರು. ವೈದ್ಯರಿಗೆ ಆ ಹಾಳೆಯನ್ನೇ ತೋರಿಸಿದೆವು.